ಸೀರೆಯ ಇನ್ನೊಂದು ತುದಿ

ಮೊನ್ನೆ ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಇಸ್ತ್ರಿ ಗಾಡಿಯಿಂದ ಒಂದು ವಾಸನೆ ಬಂತು. ನೀರು ಚಿಮುಕಿಸಿದ ಹತ್ತಿ ಬಟ್ಟೆಯ ಮೇಲೆ ಕೆಂಡದ ಪೆಟ್ಟಿಗೆ ಓಡಿದಾಗ ಏಳುತ್ತದಲ್ಲ, ತಳ ಹಿಡಿದ ಗಂಜಿಯಂಥ ಬಿಸಿ ವಾಸನೆ, ಅದು. ನಾನು ಅಲ್ಲೇ ನಿಂತುಬಿಟ್ಟೆ. ಬಸ್ಸು ಬಂತು, ಹೋಯಿತು. ಹಾಗೆ ನೋಡಿದರೆ ಬಸ್ಸು ತಪ್ಪಿಸಿಕೊಳ್ಳಲು ನನಗೆ ದೊಡ್ಡ ಕಾರಣವೇನೂ ಬೇಕಿಲ್ಲ, ತಂತಿಯ ಮೇಲೊಂದು ಕಾಗೆ ಕೂತರೂ ಸಾಕು. ಆದರೆ ಅವತ್ತಿನ ಕಾರಣ ಗಟ್ಟಿಯಾಗಿತ್ತು. ಪಾಟಿ ನೆನಪಾಗಿದ್ದರು.

ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ. ನಮಗೆ ರಕ್ತಸಂಬಂಧವೇನಿಲ್ಲ, ಗೋಡೆಸಂಬಂಧ. ಯಾದಗಿರಿ ಕಡೆಯಿಂದ ಬಂದ ಅಪ್ಪ ಅವ್ವ ಕಮ್ಮನಹಳ್ಳಿಯ ವಠಾರವೊಂದರಲ್ಲಿ ಬಾಡಿಗೆಗೆ ಹಿಡಿದಿದ್ದ ಕೋಣೆಯ ಪಕ್ಕದ ಕೋಣೆ ಅವರದು. ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರಿಂದ ಹಲ್ಲು ಮೂಡುವ ಮೊದಲೇ ನಾನು ಪಾಟಿಯ ಕಂಕುಳಿಗೆ ವರ್ಗವಾಗಿದ್ದೆ. ಪುಲಿಕೇಶಿನಗರದ ಒಂದು ಅಡ್ಡರಸ್ತೆಯಲ್ಲಿ, ಹೊಂಗೆಮರದ ಕೆಳಗೆ ಅವರ ಇಸ್ತ್ರಿ ಗಾಡಿ. ನನ್ನ ಬಾಲ್ಯವೆಲ್ಲ ಆ ಗಾಡಿಯ ಕೆಳಗೆ, ಮೇಲೆ, ಸುತ್ತ… ಮುಖ್ಯವಾಗಿ ಸುತ್ತ. ಒಂದು ಕಡೆ ಕೂತಿದ್ದು ನನಗಂತೂ ನೆನಪಿಲ್ಲ.

ಪಾಟಿಗೆ ಓದು ಬರುತ್ತಿರಲಿಲ್ಲ, ಬಟ್ಟೆಗೆ ಗುರುತು ಹಾಕುವ ಅಭ್ಯಾಸವೂ ಇರಲಿಲ್ಲ. ಅವರು ಇದ್ದಿಲು ಊದುತ್ತಿರುವಾಗಲೋ ಟೀ ತರಲು ಹೋದಾಗಲೋ ಗಿರಾಕಿಗಳು ಗಂಟು ಇಟ್ಟು ಹೋಗುತ್ತಿದ್ದರು. ವಾಪಸು ಬಂದವರೇ ನನ್ನ ಕಡೆ ತಿರುಗಿ ‘ಇದು ಯಾರ್ದು, ಕಣ್ಣಾ?’ ಎನ್ನುತ್ತಿದ್ದರು. ಹೆಸರು ನನಗೇನು ಗೊತ್ತು? ಇಟ್ಟು ಹೋದವರ ಹಾಗೆ ನಡೆದು, ಅವರ ಹಾಗೆ ಮಾತಾಡಿ ತೋರಿಸುತ್ತಿದ್ದೆ. ಪಾಟಿ ನಕ್ಕು, ಇಂಥ ಮನೆಯದು ಎಂದು ಗಂಟನ್ನು ಪಕ್ಕಕ್ಕಿಡುತ್ತಿದ್ದರು. ನಾಲ್ಕು ವರ್ಷಕ್ಕೇ ನಾನೊಂದು ಲೆಡ್ಜರ್ ಪುಸ್ತಕವಾಗಿದ್ದೆ. ಒಮ್ಮೆ ಮಾತ್ರ ಬೀದಿಗೆಲ್ಲ ನೆಗಡಿ ಬಂದು ಲೆಕ್ಕ ತಪ್ಪಿತು. ನಾನು ಮೂಗಿನಲ್ಲಿ ಮಾಡಿ ತೋರಿಸಿದ್ದೆಲ್ಲ ಒಂದೇ ಥರ ಕೇಳಿ, ನಿವೃತ್ತ ಮೇಷ್ಟರ ಪಂಚೆ ಪಿಯಾನೋ ಟೀಚರಮ್ಮನ ಮನೆಗೂ, ಅವರ ನೈಟಿ ಮೇಷ್ಟರ ಮನೆಗೂ ಹೋಯಿತು. ಮೇಷ್ಟರು ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದ ಭಂಗಿಯನ್ನು ಇವತ್ತಿಗೂ ಆರತಕ್ಷತೆಗಳಲ್ಲಿ ಮಿಮಿಕ್ರಿ ಮಾಡಿ ತೋರಿಸಿ ಹೊಟ್ಟೆ ಹೊರೆಯುತ್ತಿದ್ದೇನೆ.

ನನಗೆ ಆರು ತುಂಬುವ ಹೊತ್ತಿಗೆ ಇದೆಲ್ಲ ನಿಂತಿತು. ಆ ದಾರಿಯಲ್ಲಿ ಹೋದ ನಮ್ಮ ಸೋದರತ್ತೆ, ಪಾಟಿ ನನ್ನ ಸೊಂಟಕ್ಕೆ ಹಳೇ ಸೀರೆ ಕಟ್ಟಿ, ಕರು ಕಟ್ಟಿದ ಹಾಗೆ ಗಾಡಿಗೆ ಕಟ್ಟಿದ್ದಾರೆಂದು ಅವ್ವನಿಗೆ ಹೇಳಿದಳಂತೆ. ಅವ್ವ ಜಗಳವಾಡಲಿಲ್ಲ. ಮರುದಿನದಿಂದ ನನ್ನನ್ನು ಕಳಿಸಲಿಲ್ಲ, ಅಷ್ಟೆ. ತಿಂಗಳೊಳಗೆ ಕೆ.ಆರ್. ಪುರದ ಕಡೆ ಕೋಣೆ ಬದಲಾಯಿತು. ಯಾಕೆಂದು ಆಗ ನನಗೂ ಹೇಳಲಿಲ್ಲ, ಪಾಟಿಗೂ ಹೇಳಲಿಲ್ಲ.

ಈ ವರ್ಷ ಒಂದು ಆರತಕ್ಷತೆಯ ವೇದಿಕೆಯಲ್ಲಿ, ಮದುಮಗಳ ಹೆಸರಿನ ಜೊತೆ ಹಿಂದಿನ ವಾರದ ಮದುಮಗನ ಹೆಸರು ಕೂಗಿಬಿಟ್ಟೆ. ನಮ್ಮ ತಂಡದಲ್ಲಿ ಅವತ್ತು ಏಟು ತಿನ್ನದೆ ಉಳಿದ ಗೆಳೆಯನೊಬ್ಬ ‘ಮಗಾ, ನಿಂಗೆ ಎಡಿಎಚ್‌ಡಿ ಇರ್ಬೇಕು, ಒಂದ್ಸಲ ತೋರಿಸ್ಕೊ’ ಎಂದ. ಡಾಕ್ಟರಮ್ಮ ನನ್ನ ಬಾಲ್ಯ ಕಂಡವರು ಬೇಕೆಂದರು. ಅಪ್ಪ ಅವ್ವನನ್ನು ಕರೆದುಕೊಂಡು ಹೋದೆ. ಗಮನದ ತೊಂದರೆ, ಹುಟ್ಟಿನಿಂದಲೇ ಇದ್ದಿರಬಹುದು ಎಂದು ವಿವರಿಸಿದ ಡಾಕ್ಟರಮ್ಮ, ಮೊದಲ ವರ್ಷಗಳಲ್ಲಿ ಮಗುವನ್ನು ಯಾರು ನೋಡಿಕೊಂಡರು ಎಂದು ಕೇಳಿದರು.

ಅವ್ವ ಸೆರಗಿನ ತುದಿ ಹಿಂಡತೊಡಗಿದಳು.

‘ನಾ ಬಿಟ್ಟು ಕೆಲಸಕ್ಕ ಹೋದ್ನಿರಿ. ಕಟ್ಟಿ ಹಾಕೋರ ಕೈಯಾಗ ಕೊಟ್ಟು ಹೋದ್ನಿ. ಅದಕ್ಕ ಹಿಂಗಾತೇನ್ರಿ ಇಂವಗ?’

ಇಪ್ಪತ್ತು ವರ್ಷ ಈ ಪ್ರಶ್ನೆ ಅವಳೊಳಗೆ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಬಿಟ್ಟು ಹೋದದ್ದರಿಂದ ಇದು ಬರುವುದಿಲ್ಲಮ್ಮ ಎಂದರು ಡಾಕ್ಟರಮ್ಮ. ಬಹುಮಟ್ಟಿಗೆ ವಂಶದಲ್ಲೇ ಬರುತ್ತದಂತೆ, ಒಳ್ಳೆಯ ಕೈ ಸಿಕ್ಕರೆ ಅದರ ಜೊತೆ ಬದುಕುವುದು ಮಗುವಿಗೆ ಸ್ವಲ್ಪ ಸುಲಭವಾಗುತ್ತದಂತೆ. ಹೇಳುತ್ತಾ ಅವರ ಕಣ್ಣು ಪದೇ ಪದೇ ಅಪ್ಪನ ಕುರ್ಚಿಯ ಕಡೆ ಹೋಗುತ್ತಿತ್ತು. ಕುರ್ಚಿ ಖಾಲಿ. ಅಪ್ಪ ನಾಲ್ಕನೇ ಸಲ ಎದ್ದು, ಕಾರಿಡಾರಿನಲ್ಲಿ ಲಿಫ್ಟ್ ಹೇಗೆ ಕೆಲಸ ಮಾಡುತ್ತದೆಂದು ನೋಡಲು ಹೋಗಿದ್ದ.

ನಾನು ಅವ್ವನಿಗೆ ಹೇಳಿದೆ: ಸೀರೆ ಕಟ್ಟಿದ್ದು ನಿಜ. ಎದುರಿಗೆ ಆಟೋ, ಮಗ್ಗುಲಲ್ಲಿ ಕೆಂಡ, ಕಟ್ಟದೆ ಇನ್ನೇನು ಮಾಡುತ್ತಾರೆ? ಆದರೆ ಇನ್ನೊಂದು ತುದಿ ಗಾಡಿಗಲ್ಲ, ಪಾಟಿಯ ಕಾಲಿಗೆ. ನಾನು ಓಡಿದಾಗೆಲ್ಲ ಅವರ ಕಾಲೂ ಜಗ್ಗುತ್ತಿತ್ತು, ಕೈಯಲ್ಲಿದ್ದ ಪೆಟ್ಟಿಗೆ ಅಲುಗುತ್ತಿತ್ತು. ಅವರ ಮಣಿಕಟ್ಟಿನಲ್ಲಿ ಸುಟ್ಟ ಕಲೆಗಳಿದ್ದವು… ಎಷ್ಟೆಂದು ಎಣಿಸುವಷ್ಟು ಹೊತ್ತು ನಾನು ಕೂತವನಲ್ಲ. ಪಾಟಿ ಒಂದು ದಿನವೂ ಕುಳಿತುಕೋ ಎಂದವರಲ್ಲ. ‘ಓಡು ಕಣ್ಣಾ, ಕಾಲಿರೋದು ಓಡೋಕೇ. ನನ್ ಕಾಲೂ ಜೊತೇಲಿದೆ, ಅದ್ನ ಮಾತ್ರ ಮರೀಬೇಡ’ ಎನ್ನುತ್ತಿದ್ದರು.

‘ಮದಲ ಯಾಕ ಹೇಳ್ಲಿಲ್ಲೋ?’ ಎಂದಳು ಅವ್ವ.

‘ನೀ ಯಾವಾಗ ಕೇಳಿದಿ?’ ಎಂದೆ.

ಆ ಭಾನುವಾರ ಇಬ್ಬರೂ ಪುಲಿಕೇಶಿನಗರಕ್ಕೆ ಹೋದೆವು. ಅವ್ವ ಪಾಟಿಗೆಂದು ಒಂದು ಹೊಸ ಸೀರೆ ತಂದಿದ್ದಳು. ಹೊಂಗೆಮರವಿತ್ತು, ಕೆಳಗೆ ಸ್ಕೂಟರುಗಳು ನಿಂತಿದ್ದವು. ಪಾಟಿ ತೀರಿಹೋಗಿ ಎರಡು ವರ್ಷವಾಯಿತೆಂದು ಎದುರಿನ ಹೂವಿನವಳು ಹೇಳಿದಳು. ಗಂಟು ಇಟ್ಟವರು ಯಾರೆಂದು ತಿಳಿಯದಾದಾಗೆಲ್ಲ, ನನ್ನ ಪುಟ್ಟ ಇದ್ದಿದ್ದರೆ ಹೇಳುತ್ತಿದ್ದ ಎನ್ನುತ್ತಿದ್ದರಂತೆ.

ಅವ್ವ ಸ್ಕೂಟರುಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಮರದ ಬುಡ ಮುಟ್ಟಿದಳು. ಆಮೇಲೆ ‘ಎಲ್ಲಾರ ಹಂಗ ಮಾತಾಡ್ತಿಯಲ್ಲ, ಅಕಿ ಹಂಗ ಮಾತಾಡು’ ಎಂದಳು.

ಮಂತ್ರಿಯಿಂದ ಹಿಡಿದು ನಮ್ಮ ಸೋದರತ್ತೆಯವರೆಗೆ ಯಾರನ್ನೂ ಬಿಟ್ಟವನಲ್ಲ ನಾನು. ಪಾಟಿಯನ್ನು ಮಾತ್ರ ಯಾವತ್ತೂ ಮಾಡಿರಲಿಲ್ಲ. ಗಂಟಲು ಸರಿ ಮಾಡಿಕೊಂಡೆ, ಬಲಗೈಯಿಂದ ಗಾಳಿಗೆ ನೀರು ಚಿಮುಕಿಸಿದೆ.

‘ಇದು ಯಾರ್ದು, ಕಣ್ಣಾ?’

ಅವ್ವ ನನ್ನ ಕಡೆ ತಿರುಗಿದಳು. ಆದರೆ ಮಾತಾಡಿದ್ದು ನನ್ನೊಂದಿಗಲ್ಲ.

‘ನಂದ್ರೀ ಅಮ್ಮಾ’ ಎಂದಳು. ‘ನಿಮ್ದೂ ಹೌದು.’

ಸೀರೆಯನ್ನು ಹೂವಿನವಳಿಗೇ ಕೊಟ್ಟು ಬಂದೆವು. ದಾರಿಯಲ್ಲಿ ಅವ್ವ ನನ್ನ ಅಂಗಿಯ ಕೊರಳಪಟ್ಟಿ ಎಳೆದು, ಇದೇನು ಇಸ್ತ್ರಿನೇ ಇಲ್ಲ ಎಂದು ಬೈದಳು. ಅವತ್ತು ಬಸ್ಸು ತಪ್ಪಲಿಲ್ಲ. ನಿಲ್ದಾಣದಲ್ಲಿ ನಿಂತಷ್ಟು ಹೊತ್ತೂ ಅವಳು ನನ್ನ ಮಣಿಕಟ್ಟು ಹಿಡಿದೇ ಇದ್ದಳು…