ಮಾಣಿಕ ಗೌಂಡಿ ಎಳೆದ ಸುಣ್ಣದ ಗೆರೆ

ಮಾಣಿಕ ಗೌಂಡಿ ಈ ಮಾರ್ಚಿನಲ್ಲಿ ತೀರಿಕೊಂಡ. ಚಿದ್ರಿ ಓಣಿಯ ಜನ ಅವನನ್ನು ಮಣ್ಣಿಗಿಟ್ಟು ಬಂದು ಕೈಕಾಲು ತೊಳೆಯುವಾಗ ಆಡಿದ ಮೊದಲ ಮಾತು, ಅವನು ಯಾರನ್ನೂ ನಂಬುತ್ತಿರಲಿಲ್ಲ ಎಂಬುದು. ಅದು ಸುಳ್ಳಲ್ಲ. ಸಿಮೆಂಟು ಚೀಲದ ಹೊಲಿಗೆ ಬಿಚ್ಚಿ ಮೊಣಕೈತನಕ ಕೈ ಇಳಿಸದೆ ಅವನು ಕೆಲಸ ಶುರು ಮಾಡುತ್ತಿರಲಿಲ್ಲ. ಚಹಾ ಅಂಗಡಿಯಲ್ಲಿ ಕೂತರೆ ಪಾತ್ರೆಗೆ ಹಾಲು ಬೀಳುವುದನ್ನು ಕಣ್ಣಾರೆ ನೋಡಬೇಕಿತ್ತು. ಹುಸೇನನ ಗಿರಣಿಯಲ್ಲಿ ಬೀಸಿಸಿದ ಹಿಟ್ಟನ್ನು ಮನೆಗೆ ಒಯ್ದು ಮತ್ತೊಮ್ಮೆ ತೂಗುತ್ತಿದ್ದ. ಆ ಹುಸೇನ ಅವನಿಗೆ ಮೂವತ್ತು ವರ್ಷದ ಗೆಳೆಯ.

ಆದರೆ ಅವನು ಹುಟ್ಟಿನಿಂದ ಹಾಗಿರಲಿಲ್ಲ. ಔರಾದ ತಾಲೂಕಿನ ಹಳ್ಳಿಯಲ್ಲಿ ಎರಡನೇ ಇಯತ್ತೆಗೇ ಶಾಲೆ ಬಿಟ್ಟು, ಗಾರೆ ಬುಟ್ಟಿ ಹೊತ್ತು, ಇಪ್ಪತ್ತರ ಹೊತ್ತಿಗೆ ಕರಣೆ ಹಿಡಿದವನು. ಹೇಳಿದ್ದನ್ನು ಕಟ್ಟುತ್ತಿದ್ದ. ಭಾಲ್ಕಿ ಕಡೆಯ ಒಂದು ಹಳ್ಳಿಯಲ್ಲಿ ಗುತ್ತೇದಾರನ ಕೈಕೆಳಗೆ ಎರಡು ವರ್ಷ ದುಡಿಯುವಾಗ ಹೆಂಡತಿ ಗಿರಿಜಾಬಾಯಿಯನ್ನೂ ಮಗಳು ವಿಶಾಖಾಳನ್ನೂ ಕರೆದೊಯ್ದಿದ್ದ. ಮಗಳು ಅಲ್ಲಿಯ ಶಾಲೆಗೇ ಹೋಗುತ್ತಿದ್ದಳು. ಆ ಶಾಲೆಯ ಹುಡುಗಿಯರಿಗೆಂದು ಶೌಚಾಲಯ ಕಟ್ಟುವ ಕೆಲಸವೂ ಅವನಿಗೇ ಬಂತು. ಹೊಸ್ತಿಲ ಕಲ್ಲು ಕೂರಿಸಿ ತಲೆ ಎತ್ತಿದಾಗ, ಎದುರಿನ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತ ಗಂಡಸರೆಲ್ಲ ಅವನಿಗೆ ಕಂಡರು. ಅವರಿಗೆ ಬಾಗಿಲು ಕಂಡಿತು. ಗುತ್ತೇದಾರನಿಗೆ ಹೇಳಿದ.

"ನೀ ಕಟ್ಟಾಂವ, ನಕ್ಷಾ ಓದಾಂವ ಅಲ್ಲ," ಅಂದ ಗುತ್ತೇದಾರ.

ಮಾಣಿಕ ಕಟ್ಟಿದ. ಒಬ್ಬ ಹುಡುಗಿಯೂ ಅದರೊಳಗೆ ಕಾಲಿಡಲಿಲ್ಲ. ವರ್ಷದೊಳಗೆ ಅದರಲ್ಲಿ ಅಡುಗೆಯ ಕಟ್ಟಿಗೆ ತುಂಬಿದ್ದರು. ಮರುವರ್ಷ, ಏಳನೇ ಇಯತ್ತೆಯ ನಡುವೆ, ವಿಶಾಖಾ ಹೊಟ್ಟೆನೋವೆಂದು ಮನೆಯಲ್ಲೇ ಉಳಿದಳು. ಮತ್ತೆ ಹೋಗಲಿಲ್ಲ. ಮುಂಜಾನೆಯಿಂದ ಸಂಜೆತನಕ ಹುಡುಗಿ ಹನಿ ನೀರು ಕುಡಿಯುತ್ತಿರಲಿಲ್ಲ ಎಂದು ಗಿರಿಜಾಬಾಯಿ ಅವನಿಗೆ ಹೇಳಿದ್ದು ಬಹಳ ತಡವಾಗಿ. ವಿಶಾಖಾ ಈಗ ಹತ್ತಿರದ ಕೊಳಾರದ ಕಾರ್ಖಾನೆಯೊಂದರಲ್ಲಿ ಡಬ್ಬಿಗೆ ಚೀಟಿ ಅಂಟಿಸುತ್ತಾಳೆ. ಆ ಬಾಗಿಲಿನ ವಿಷಯವನ್ನು ಮಾಣಿಕ ತಾನಾಗಿ ಹೇಳಿಕೊಂಡದ್ದು ಹುಸೇನನ ಹತ್ತಿರ ಮಾತ್ರ, ಅದೂ ಒಂದೇ ಸಲ.

ಹೋದ ವರ್ಷ ಅಕ್ಟೋಬರದಲ್ಲಿ ಓಣಿಯ ಸರ್ಕಾರಿ ಶಾಲೆಗೆ ನಾಲ್ಕು ಕೋಣೆ, ಒಂದು ಹುಡುಗಿಯರ ಶೌಚಾಲಯ ಮಂಜೂರಾಯಿತು. ವಿಶಾಖಾಳ ಮಗಳು ಪೂನಮ ಅಲ್ಲಿ ಆರನೇ ಇಯತ್ತೆ. ಪಾಲಕರ ಸಮಿತಿಯಲ್ಲಿ ಪೂನಮಳ ಕಡೆಯಿಂದ ಮಾಣಿಕನ ಹೆಸರಿತ್ತು. ಸಭೆಯ ದಿನ ಬಾಗಿಲಲ್ಲೇ ರಜಿಸ್ಟರ್ ಇಟ್ಟಿದ್ದರು. ಬಂದವರೆಲ್ಲ ಹಾಜರಿಯೆಂದು ಸಹಿ ಹಾಕಿ ಒಳಗೆ ಹೋದರು. ಹೆಡ್‌ಮಾಸ್ತರು ಅಶೋಕಕುಮಾರ ನಕ್ಷೆಯನ್ನು ಎಲ್ಲರ ಕೈಗೂ ಕೊಟ್ಟರು. ಶಾಕಿರಾ ಬೇಗಂ ಅದನ್ನು ತಲೆಕೆಳಗೆ ಹಿಡಿದು ನೋಡಿ, ಚಲೋ ಅದ ಅಂದು ಪಕ್ಕದವಳಿಗೆ ದಾಟಿಸಿದಳು. ಅವಳೂ ಹಾಗೇ ಹಿಡಿದಳು. ಚಹಾ ಬಂತು, ಸಭೆ ಮುಗಿಯಿತು.

ಮಾಣಿಕನಿಗೆ ಆ ಚಹಾದ ಮೇಲೇ ಅನುಮಾನ. ಆ ಶಾಲೆಯಲ್ಲಿ ಪಾಲಕರಿಗೆ ಹಿಂದೆಂದೂ ಚಹಾ ಕೊಟ್ಟಿರಲಿಲ್ಲ. ಮರುದಿನ ಹೋಗಿ ರಜಿಸ್ಟರ್ ಕೇಳಿದ. ಹಾಜರಿಯ ಸಹಿಗಳ ಮೇಲೆ ಖಾಲಿ ಬಿಟ್ಟಿದ್ದ ಅರ್ಧ ಪುಟ ಈಗ ತುಂಬಿತ್ತು. ಬೆರಳಿಟ್ಟು ನಿಧಾನ ಓದಿದ. ನಕ್ಷೆಯನ್ನು ಸರ್ವಾನುಮತದಿಂದ ಒಪ್ಪಲಾಯಿತು ಎಂದಿತ್ತು. ಕೆಳಗೆ ಮೂರನೆಯದು ಅವನದೇ ಸಹಿ.

"ಮಾಸ್ತರ್ರ, ನಾ ಬಂದೀನಿ ಅಂತ ದಸ್ಕತ್ ಹಾಕೀನ್ರಿ. ಹೂಂ ಅಂತ ಹಾಕಿಲ್ಲ."

"ಬಂದಾಂವ ಹೂಂ ಅನ್ಲಾಕೇ ಬಂದಿರ್ತಾನಲ್ಲಪ್ಪ ಮಾಣಿಕ. ಎಲ್ಲಾ ಕಡಿ ಹಿಂಗೇ ನಡೀತದ. ಎಂಟ ದಿನದಾಗ ಕೆಲಸ ಶುರು ಆಗಲಿಲ್ಲಂದ್ರ ಖೋಲಿ ಬ್ಯಾರೆ ಸಾಲಿಗಿ ಹೋಗ್ತಾವ. ಆಮ್ಯಾಲ ಓಣಿ ಮಂದಿಗಿ ಜವಾಬ ನೀನೇ ಕೊಡು."

ಅವನು ನಕ್ಷೆಯ ಝೆರಾಕ್ಸ್ ತೆಗೆಸಿಕೊಂಡು ಮನೆಗೆ ಬಂದ. ಅದನ್ನು ನೆಲದ ಮೇಲೆ ಹರವಿ ಕೂತವನಿಗೆ ಮೊದಲು ಕಂಡದ್ದು ಗೇಟು. ಹಳೆಯ ಜಾಗ ಬಿಟ್ಟು ಹುಸೇನನ ಗಿರಣಿಯ ಪಕ್ಕಕ್ಕೆ ಸರಿದಿತ್ತು. ಗೇಟಿನ ನೇರಕ್ಕೆ ಶೌಚಾಲಯ. ಬಾಗಿಲು ರಸ್ತೆಗೆ. ರಸ್ತೆಯ ಆಚೆ ಆಟೋ ಸ್ಟ್ಯಾಂಡು. ಹುಸೇನನೂ ಸಮಿತಿಯ ಸದಸ್ಯ.

ಗಿರಣಿಯಲ್ಲಿ ಹುಸೇನ ಮಡಿಲಲ್ಲಿ ಪುಸ್ತಕ ತೆರೆದಿಟ್ಟು ಜೋಳ ಬೀಸುತ್ತಿದ್ದ.

"ಗೇಟ ನಿನ್ನ ಬಾಜೂಕ ಯಾಕ ಬಂತು?" ಮಾಣಿಕ ನಿಂತಲ್ಲೇ ಕೇಳಿದ.

"ನನಗೇನ ಗೊತ್ತು ಭಾಯಿ?"

"ದಿನಾ ಅಷ್ಟು ಮಂದಿ ನಿನ್ನ ಅಂಗಡಿ ಮುಂದ ಹಾಯ್ತಾರ."

"ಮಕ್ಕಳು ಪಾಟಿಚೀಲದಾಗ ಜೋಳ ತರ್ತಾವೇನು, ಬೀಸ್ಲಾಕ?"

ಮಾಣಿಕ ನಗಲಿಲ್ಲ. "ಹೆಡ್‌ಮಾಸ್ತರ ನಿನ್ನ ಹಂತ್ಯಾಕ ಬಂದು ಕೂಡ್ತಾನ. ನಾ ನೋಡೀನಿ."

ಹುಸೇನ ಗಿರಣಿ ಬಂದ್ ಮಾಡಿದ. ಯಂತ್ರದ ಪಟ್ಟಾ ನಿಂತ ಮೇಲೆ ಅಂದ, "ನನ್ನ ಹಿಟ್ಟು ಮನ್ಯಾಗ ಮತ್ತ ತೂಗ್ತಿ ಅಂತ ಗಿರಿಜಾ ಭಾಬಿ ಎಂದೋ ಹೇಳ್ಯಾಳ. ನಕ್ಕು ಬಿಟ್ಟೀನಿ. ಇದು ಜಾಸ್ತಿ ಆಯ್ತು ನೋಡು."

ಓಣಿಯಲ್ಲಿ ಬೇರೆಯೇ ಮಾತು ಹಬ್ಬಿತು. ಗುತ್ತಿಗೆ ತನಗೆ ಸಿಗಲಿಲ್ಲವೆಂದು ಗೌಂಡಿ ತಕರಾರು ತೆಗೆದಿದ್ದಾನೆ ಅಂದರು ಕೆಲವರು. ಬಾಯಿ ಮುಚ್ಚಲು ಏನೋ ಕೇಳುತ್ತಿದ್ದಾನೆ ಅಂದರು ಉಳಿದವರು. ಕಾಗದ ತೋರಿಸಿ ಇವರಿಗೆ ಹೇಳುವುದು ವ್ಯರ್ಥವೆಂದು ಮಾಣಿಕನಿಗೆ ಗೊತ್ತಾಯಿತು. ಸೋಮವಾರ ಇಂಜಿನಿಯರ್ ಪಾಯಾದ ಗುರುತು ಹಾಕಲು ಬರುವವನಿದ್ದ. ಅದಕ್ಕೆ ಮೊದಲಿನ ಭಾನುವಾರ ಮುಂಜಾನೆ ಮಾಣಿಕ ಒಂದು ಚೀಲ ಸುಣ್ಣದ ಪುಡಿ, ದಾರ, ಗೂಟ ಹಿಡಿದು ಶಾಲೆಯ ಬಯಲಿಗೆ ಹೋದ. ನಕ್ಷೆಯಲ್ಲಿದ್ದುದನ್ನು ಇದ್ದಷ್ಟೇ ಅಳತೆಗೆ ನೆಲದ ಮೇಲೆ ಎಳೆದ. ಬಿಸಿಲೇರುವ ಹೊತ್ತಿಗೆ ಏನು ನಡೆದಿದೆಯೆಂದು ನೋಡಲು ಹತ್ತು ಹದಿನೈದು ಹೆಣ್ಣುಮಕ್ಕಳು ಸೇರಿದ್ದರು.

"ಇದು ಗೇಟ. ಇದು ಸಂಡಾಸ. ಸುಣ್ಣ ಬಿಟ್ಟ ಜಾಗಾ ಬಾಗಿಲ. ಯಾರರ ಒಬ್ಬರು ಒಳಗ ಹೋಗಿ ನಿಂದ್ರಿ."

ಶಾಕಿರಾ ಬೇಗಂ ನಗುತ್ತಲೇ ಒಳಗೆ ಹೋಗಿ ತಿರುಗಿ ನಿಂತಳು. ಆಚೆ ಸ್ಟ್ಯಾಂಡಿನಲ್ಲಿದ್ದ ಆಟೋದವರು ಇತ್ತಲೇ ನೋಡುತ್ತಿದ್ದರು. ಅವರಲ್ಲೊಬ್ಬ ಹಲ್ಲು ಕಿಸಿದ. ಶಾಕಿರಾ ಸೆರಗು ಎಳೆದುಕೊಂಡು ಹೊರಗೆ ಬಂದಳು.

"ತೌಬಾ! ನಮ್ಮ ಹುಡುಗಿ ಅಂಬರೀನ ಇಲ್ಲಿ ಕಾಲಿಡಲ್ಲ ಬಿಡ್ರಿ."

ಗುಂಪಿನಲ್ಲಿದ್ದ ಕೇಶರಬಾಯಿ ಮಾತ್ರ ಸೊಂಟಕ್ಕೆ ಕೈ ಕೊಟ್ಟು ಮಾಣಿಕನನ್ನೇ ನೋಡುತ್ತಿದ್ದಳು. "ಗೆರಿ ನೀನೇ ತಪ್ಪ ಹಾಕೀ ಏನೋ. ನಿನಗ ಯಾರ ಮ್ಯಾಲೂ ಭರೋಸಾ ಇಲ್ಲ, ನಿನ್ನ ಮ್ಯಾಲ ನಮಗ್ಯಾಕ ಇರಬೇಕು? ತಾ ಇಲ್ಲಿ ಟೇಪ."

ಮಾಣಿಕ ಎರಡು ಮಾತಾಡದೆ ಟೇಪು ಕೊಟ್ಟ. ನಕ್ಷೆಯ ಅಂಕಿಗಳನ್ನು ಓದಿಸಿಕೊಂಡು ಅವಳು ಮೂಲೆಯಿಂದ ಮೂಲೆಗೆ ಅಳೆದಳು. ಎರಡು ಸಲ ಅಳೆದಳು. ಆಮೇಲೆ ಯಾರೂ ಗುತ್ತಿಗೆಯ ಮಾತು ಎತ್ತಲಿಲ್ಲ.

ಸೋಮವಾರ ಇಂಜಿನಿಯರ್ ಬಂದಾಗ ಹೆಣ್ಣುಮಕ್ಕಳು ಆ ಗೆರೆಗಳ ಒಳಗೇ ನಿಂತಿದ್ದರು. ಹೆಡ್‌ಮಾಸ್ತರರ ಮುಖ ಸಣ್ಣದಾಯಿತು. ಇಂಜಿನಿಯರ್ ವಯಸ್ಸಿನಲ್ಲಿ ಚಿಕ್ಕವನು. ನಕ್ಷೆಯನ್ನೂ ನೆಲವನ್ನೂ ನೋಡಿ, "ಗೇಟ ಲಾರಿ ಬರ್ಲಾಕ ಸಲೀಸು ಅಂತ ನಾನೇ ಅಲ್ಲಿ ಹಾಕೀನಿ," ಅಂದ. ಹುಸೇನನ ಹೆಸರು ಅವನ ಬಾಯಲ್ಲಿ ಬರಲಿಲ್ಲ. ಮಾಣಿಕ ಕಾದ. ಆಗಲೂ ಬರಲಿಲ್ಲ. ಕೋಣೆಗಳನ್ನು ಅಲುಗಿಸಲಾಗದು, ಶೌಚಾಲಯವನ್ನು ಸರಿಸಬಹುದು ಎಂದ ಇಂಜಿನಿಯರ್. ಆದರೆ ರಸ್ತೆಗೆ ಕಾಣದ ಜಾಗ ಇಡೀ ಬಯಲಿನಲ್ಲಿ ಒಂದೇ. ಗಿರಣಿಯ ಹಿಂಗೋಡೆಗೆ ಬೆನ್ನು ಕೊಟ್ಟು, ಬಾಗಿಲನ್ನು ಒಳಗಿನ ಬಯಲಿಗೆ ಇಡಬೇಕು. ಗುಂಡಿಯೂ ಅಲ್ಲೇ ಬರುತ್ತದೆ.

"ಗಿರಣಿಯವ್ರು ತಕರಾರ ಇಲ್ಲಂತ ಬರದು ಕೊಡ್ಲಿ. ಇವತ್ತೇ ಬೇಕು."

ಎಲ್ಲರೂ ಮಾಣಿಕನ ಕಡೆ ನೋಡಿದರು. ಮೊನ್ನೆ ಗಿರಣಿಯಲ್ಲಿ ಆಡಿದ ಮಾತು ಓಣಿಗೆಲ್ಲ ಗೊತ್ತಿತ್ತು. ಹಿಟ್ಟಿನ ಗಿರಣಿಯ ಹಿಂದೆ ಶೌಚಾಲಯ ಬಂದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಅವನು ರಜಿಸ್ಟರ್ ಕಂಕುಳಲ್ಲಿ ಹಿಡಿದು ಹೋದ.

"ಬಾ," ಅಂದ ಹುಸೇನ. "ಇವತ್ತ ಯಾವ ಶಕ್ ಹೊತಗೊಂಡು ಬಂದಿ?"

ಮಾಣಿಕ ವಿಷಯ ಹೇಳಿದ. "ನಿನ್ನ ಗಿರಾಕಿ ಮೂಗ ಮುಚಗೋತಾರ. ಕೆಲವರು ಬರೋದೇ ಬಿಡ್ತಾರ. ಸುಳ್ಳ್ಯಾಕ ಹೇಳ್ಲಿ."

ಹುಸೇನ ಜರಡಿ ಕೆಳಗಿಟ್ಟ. "ಪೂನಮ ಮುಂದಿನ ವರ್ಷ ಏಳನೇ ಅಲ್ಲೇನು?"

ಮಾಣಿಕ ತಲೆಯಾಡಿಸಿದ.

"ಗುಂಡಿ ನನ್ನ ಗ್ವಾಡಿಯಿಂದ ಹತ್ತ ಫೂಟ ದೂರ ಇರಬೇಕು. ಬರಿಸ್ಕೊಂಡು ಬಾ. ಬಾಯಿ ಮಾತ ನಡ್ಯಲ್ಲ."

"ನನ್ನ ಮ್ಯಾಲೂ ಭರೋಸಾ ಇಲ್ಲೇನು?"

"ನಿನ್ನ ಕಡಿಂದೇ ಕಲ್ತೀನಿ ಭಾಯಿ."

ಇಂಜಿನಿಯರ್ ಕೈಯಿಂದ ಬರೆಸಿ ತಂದದ್ದನ್ನು ಹುಸೇನ ಪೂರಾ ಓದಿದ. ಕೆಳಗೆ ಉಳಿದ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆದ ಮೇಲೇ ಸಹಿ ಹಾಕಿದ. ಮಾಣಿಕ ಅವನಿಗೆ ತಪ್ಪಾಯಿತೆಂದು ಹೇಳಲಿಲ್ಲ. ಅಂದು ಊಟಕ್ಕೆ ಕೂತಾಗ ಗಿರಿಜಾಬಾಯಿಯನ್ನು ಕೇಳಿದ, "ಇಷ್ಟ ಲಗೂನ ಯಾಕ ಒಪ್ಪಿದ ಅಂವ?" ಅವಳು ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ ಅವನನ್ನು ನೋಡಿದಳು. "ಉಣ್ಣು," ಅಂದಳು.

ಅಶೋಕಕುಮಾರ ಮಾಸ್ತರು ಬೇಕೆಂದೇ ಆ ಅರ್ಧ ಪುಟ ಬಿಟ್ಟಿದ್ದರೋ, ಬರೀ ರೂಢಿಯೋ, ಮಾಣಿಕನಿಗೆ ಕೊನೆಯತನಕ ಬಗೆಹರಿಯಲಿಲ್ಲ. ನವೆಂಬರದಲ್ಲಿ ಕೆಲಸ ಶುರುವಾದಾಗ ಅವನು ದಿನವೂ ಹೋಗಿ ಇಟ್ಟಿಗೆ ರಾಶಿಯ ಮೇಲೆ ಕೂಡುತ್ತಿದ್ದ. ಕಟ್ಟುವವರು ಅವನಿಗೆ ಸಾಹೇಬ ಎಂದು ಹೆಸರಿಟ್ಟರು. ಜನವರಿಯಲ್ಲಿ ಕೆಮ್ಮು ಹೆಚ್ಚಿತು. ಅಷ್ಟು ವರ್ಷದ ಸಿಮೆಂಟಿನ ಧೂಳು ಎದೆಯಲ್ಲಿದೆ ಅಂದರು ಡಾಕ್ಟರು. ಫೆಬ್ರುವರಿಯ ಕೊನೆಗೆ ಅವನು ಆಸ್ಪತ್ರೆಯ ಮಂಚ ಹಿಡಿದ. ಹುಸೇನ ಮಧ್ಯಾಹ್ನ ಗಿರಣಿ ಮುಚ್ಚಿ ಹೋಗಿ ಹತ್ತಿರ ಕೂಡುತ್ತಿದ್ದ.

ತೀರಿಕೊಳ್ಳುವುದಕ್ಕೆ ನಾಲ್ಕು ದಿನ ಮೊದಲು ಹುಸೇನ ಹೇಳಿದ, "ಸಂಡಾಸಕ್ಕ ಬಾಗಿಲ ಚೌಕಟ ಇಟ್ಟಾರ ಭಾಯಿ."

"ಯಾವ ಕಡಿ?"

"ಒಳಗಿನ ಕಡಿ."

"ನೀ ನೋಡೀಯೋ, ಯಾರರ ಹೇಳ್ಯಾರೋ?"

ಹುಸೇನ ಮೊಬೈಲು ತೆಗೆದು ಫೋಟೋ ತೋರಿಸಿದ. ಮಾಣಿಕ ಅದನ್ನು ಬೆರಳಿನಿಂದ ಹಿಗ್ಗಿಸಿ ಬಹಳ ಹೊತ್ತು ನೋಡಿದ.

"ಗ್ವಾಡ್ಯಾಗ ಕೂಡ್ಸ್ಯಾರೋ, ಸುಮ್ಕೆ ಆನಿಸಿ ಇಟ್ಟಾರೋ? ನಾಳಿಗಿ ತೆಗದು ರಸ್ತಾ ಕಡಿ ಇಟ್ಟರ? ಫೋಟೋದಾಗ ಎರಡೂ ಒಂದೇ ಕಾಣ್ತದ."

ಹುಸೇನ ಎದ್ದು ಚಿದ್ರಿಗೆ ವಾಪಸು ಬಂದ. ಶಾಲೆ ಬಿಟ್ಟಿತ್ತು. ಗಿಲಾವದ ಸಿಮೆಂಟು ಇನ್ನೂ ಬಳಿಯದ ಇಟ್ಟಿಗೆಯ ನಡುವೆ ನಿಂತ ಚೌಕಟ್ಟನ್ನು ಹಿಡಿದು ಅಲ್ಲಾಡಿಸಿದ. ಆಮೇಲೆ ಫೋನು ಮಾಡಿದ.

"ಅಲ್ಲಾಡವಲ್ದು."

"ಎರಡೂ ಕೈಲೆ ಹಿಡದೇನು?"

"ಎರಡೂ ಕೈಲೆ. ಕಾಲ ಕೊಟ್ಟು ಜಗ್ಗೀನಿ. ನನ್ನ ರಟ್ಟಿ ನೋಯ್ಲತ್ತದ."

"ಹಂಗಾದ್ರ ಗಿಲಾವ ಮಾಡ್ಲಿ," ಅಂದ ಮಾಣಿಕ.