ಜಾಗ ಕಾಯಲು ಕಲಿಸಿದ ಮೇಷ್ಟ್ರು

ಮೊನ್ನೆ ಮನೆಯಲ್ಲಿ ಹೊಸ ಹುಣಸೆಹಣ್ಣು ಕುಟ್ಟುತ್ತಿದ್ದರು. ಬೀಜಗಳು ಜಗಲಿಯ ಮೇಲೆಲ್ಲ ಚೆಲ್ಲಿದ್ದವು. ಸುಮ್ಮನೆ ಕೂತಿದ್ದ ನಾನು ಐದು ಬೀಜ ಆರಿಸಿ ನೆಲದ ಮೇಲಿಟ್ಟೆ. ಮುಂದೆ ಎರಡು, ನಡುವೆ ಒಂದು, ಹಿಂದೆ ಎರಡು. ಕೈ ಯಾಕೆ ಹಾಗೆ ಮಾಡಿತೋ… ಇಟ್ಟ ಮೇಲೆ ನೋಡಿದರೆ ಅದು ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡ ನಿಲ್ಲುತ್ತಿದ್ದ ರೀತಿ. ನಡುವಿನ ಬೀಜ ನಾನು.

ಹೀಗೆ ಬೀಜ ಇಟ್ಟು ಆಟ ಕಲಿಸಿದವರು ದೊಡ್ಡಬಳ್ಳಾಪುರದ ಕಾಲೇಜಿನಲ್ಲಿದ್ದ ನಮ್ಮ ವ್ಯಾಯಾಮದ ಮೇಷ್ಟ್ರು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮದು ಮಣ್ಣಿನ ಅಂಕಣ. ಒಂದು ಮಳೆ ಬಿದ್ದರೆ ಸಾಕು, ಪುಟಿಸಿದ ಚೆಂಡು ತನಗೆ ತೋಚಿದ ಕಡೆ ಹೋಗುತ್ತಿತ್ತು. ನಾವು ಗೊಣಗಿದರೆ ಮೇಷ್ಟ್ರು ನಗುತ್ತಿದ್ದರು.

“ಚೆಂಡನ್ನ ನೆಲಕ್ಕೆ ಬಡೀಬೇಡ್ರೋ. ನೆಲ ನಮ್ಮ ಮಾತು ಕೇಳಲ್ಲ, ಜೊತೆಯವನ ಕೈ ಕೇಳುತ್ತೆ.”

ನಮ್ಮ ದಾಳಿಯೆಲ್ಲ ಆ ಮಾತಿನ ಮೇಲೇ ನಿಂತಿತ್ತು. ಕುಂದಾಣದಿಂದ ಬರುತ್ತಿದ್ದ ನಾನು ತಂಡದಲ್ಲಿ ಎಲ್ಲರಿಗಿಂತ ಉದ್ದ. ರಿಂಗಿಗೆ ಬೆನ್ನು ಹಾಕಿ ನಿಲ್ಲುವುದು ನನ್ನ ಕೆಲಸ. ಆವತಿಯ ರಾಮಾಂಜಿ ಚೆಂಡನ್ನು ನನಗೆ ಎಸೆದವನೇ ನಿಲ್ಲದೆ ನನ್ನ ಭುಜ ಸವರಿಕೊಂಡು ಓಡುತ್ತಿದ್ದ. ಎದುರಾಳಿಗಳ ಕಣ್ಣು ಚೆಂಡಿನ ಮೇಲಿರುವಾಗಲೇ ನಾನು ಅದನ್ನು ಅವನ ಕೈಗೆ ತಿರುಗಿಸುತ್ತಿದ್ದೆ. ಅಷ್ಟರಲ್ಲಿ ಅವನು ರಿಂಗಿನ ಕೆಳಗೆ.

ರಕ್ಷಣೆಯೇ ಕಷ್ಟ. ಉಳಿದವರೆಲ್ಲ ಗಿಡ್ಡರು. ಒಬ್ಬರಿಗೊಬ್ಬರಂತೆ ಹಿಡಿದು ನಿಂತರೆ ಎತ್ತರದವರು ನಮ್ಮ ತಲೆಯ ಮೇಲಿಂದಲೇ ಚೆಂಡು ಹಾಕುತ್ತಿದ್ದರು. ಅದಕ್ಕೇ ಮೇಷ್ಟ್ರು ಝೋನ್ ಕಲಿಸಿದರು.

“ಆಳನ್ನ ಕಾಯ್ಬೇಡ, ಜಾಗ ಕಾಯಿ. ಆಳು ಓಡೋಗ್ತಾನೆ, ಜಾಗ ಎಲ್ಲಿಗೋಗುತ್ತೆ?”

ಆ ಕೋಟೆಗೂ ಎರಡು ಕಿಂಡಿ ಇದ್ದವು. ಅಂಕಣದ ಎರಡು ಮೂಲೆಗಳಿಗೆ ನಮಗೆ ಬೇಗ ತಲುಪಲಾಗುತ್ತಿರಲಿಲ್ಲ. ಅಷ್ಟು ದೂರದಿಂದ ಗುರಿ ಇಡುವವರು ಅಪರೂಪ ಎಂಬ ಧೈರ್ಯ ಅಷ್ಟೇ. ಆ ಧೈರ್ಯದಲ್ಲೇ ಆ ವರ್ಷ ಗೆಲ್ಲುತ್ತಾ ಹೋಗಿ ಬೆಂಗಳೂರಿನಲ್ಲಿ ನಡೆದ ಅಂತರ ಕಾಲೇಜು ಫೈನಲ್ ಮುಟ್ಟಿದೆವು. ಮೇಷ್ಟ್ರ ಕೆಲಸ ತಾತ್ಕಾಲಿಕ, ಕಪ್ ತಂದರೆ ಕಾಯಂ ಮಾಡಿಸುವುದಾಗಿ ಪ್ರಿನ್ಸಿಪಾಲರು ಅವರಿಗೆ ಹೇಳಿದ್ದಾರೆ ಎಂಬ ವಿಷಯ ಅಟೆಂಡರ್ ಬಾಯಿಂದ ನಮ್ಮ ಕಿವಿಗೆ ಬಿದ್ದಿತ್ತು. ಅವರಾಗಿ ಹೇಳಲಿಲ್ಲ.

ಅಲ್ಲಿ ಸಿಮೆಂಟಿನ ಅಂಕಣ. ಆದರೂ ಅರ್ಧ ಆಟದವರೆಗೆ ನಾವೇ ಮುಂದಿದ್ದೆವು. ಆಮೇಲೆ ಅವರಲ್ಲೊಬ್ಬ ಎಡಗೈಯ ಹುಡುಗ ಮೂಲೆಗೆ ಹೋಗಿ ನಿಂತ. ಹಾಕಿದ, ಬಿತ್ತು. ಮತ್ತೆ ಹಾಕಿದ, ಮತ್ತೆ ಬಿತ್ತು. ಅವನನ್ನು ತಡೆಯಲು ಓಡಿ ಓಡಿ ರಾಮಾಂಜಿಗೆ ನಾಲ್ಕು ಫೌಲ್ ಆದವು. ಇನ್ನೊಂದಾದರೆ ಅವನು ಹೊರಗೆ. ಮೇಷ್ಟ್ರು ಆಟ ನಿಲ್ಲಿಸಿ ನಮ್ಮನ್ನು ಕರೆದರು.

“ಸಾರ್, ಝೋನ್ ಬಿಟ್ಬಿಡಾಣ. ಆ ಎಡಚನ್ನ ನಾನು ಹಿಡ್ಕೋತೀನಿ,” ಎಂದ ರಾಮಾಂಜಿ.

“ಬ್ಯಾಡ. ಹಿಂಗೇ ನಿಂತ್ಕಳಿ.”

“ಸೋತೋಗ್ತೀವಿ ಸಾರ್!”

“ಹೇಳ್ದಷ್ಟು ಮಾಡೋ.”

ಆ ದನಿಯಲ್ಲಿ ಅವರು ಎಂದೂ ಮಾತಾಡಿದವರಲ್ಲ. ಹಾಗೇ ನಿಂತೆವು. ರಾಮಾಂಜಿ ಕೊನೆಯಲ್ಲಿ ಮೈಮೇಲೆ ಬಂದವನಂತೆ ಆಡಿದ. ಆದರೆ ಆ ಮೂಲೆ ತೆರೆದೇ ಇತ್ತು… ಒಂದೇ ಒಂದು ಬಾಸ್ಕೆಟ್‌ನಿಂದ ಸೋತೆವು.

ಬೇಸಿಗೆ ರಜೆ ಮುಗಿಸಿ ಬಂದಾಗ ಮೈದಾನದಲ್ಲಿ ಬೇರೆ ಮೇಷ್ಟ್ರು ಸೀಟಿ ಊದುತ್ತಿದ್ದರು. ಬೀಳ್ಕೊಡುಗೆಯೂ ಇರಲಿಲ್ಲ. ಅದೇ ಹೊತ್ತಿಗೆ ರಾಮಾಂಜಿಗೆ ವಿಶ್ವವಿದ್ಯಾಲಯದ ತಂಡದಿಂದ ಕರೆ ಬಂತು. ಆ ಆಟವೇ ಅವನಿಗೆ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಕೊಡಿಸಿತು.

ಕೆಲವು ವರ್ಷಗಳ ನಂತರ ನೆಲಮಂಗಲದ ಬಸ್ ನಿಲ್ದಾಣದಲ್ಲಿ ಮೇಷ್ಟ್ರು ಸಿಕ್ಕಿದರು. ದಾಬಸ್‌ಪೇಟೆಯ ಅಕ್ಕಿ ಗಿರಣಿಯೊಂದನ್ನು ನೋಡಿಕೊಳ್ಳುತ್ತಿದ್ದರಂತೆ. ಅಂಗಿಯ ಮೇಲೆ ತೌಡಿನ ಧೂಳಿತ್ತು. ತಡೆಯಲಾರದೆ ಅವತ್ತಿನ ಆಟದ ಬಗ್ಗೆ ಕೇಳಿಬಿಟ್ಟೆ.

“ತಪ್ಪಾಯ್ತು ಕಣಪ್ಪ. ಝೋನ್ ಬಿಡಬೇಕಿತ್ತು,” ಎಂದರು. ಆಮೇಲೆ, “ರಾಮಾಂಜಿ ಇನ್ನೂ ಆಡ್ತವ್ನಾ?” ಎಂದು ಕೇಳಿದರು.

“ಆಡ್ತಾನೆ ಸಾರ್, ಕಾರ್ಖಾನೆ ಟೀಮಿಗೆ,” ಎಂದೆ. ಅವರ ಮುಖ ಅರಳಿತು. ಬಸ್ಸು ಬಂತು, ಹತ್ತಿ ಹೋದರು. ಒಳ್ಳೆಯ ಮೇಷ್ಟ್ರು ಒಂದು ದಿನ ಆಟ ಓದುವುದರಲ್ಲಿ ಎಡವಿದರು ಎಂದೇ ನಾನು ಇಷ್ಟು ಕಾಲ ನಂಬಿದ್ದೆ.

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಹೋದ ವರ್ಷ, ಅದೂ ತಿಂಗಳುಗಳು ಕಳೆದ ಮೇಲೆ. ರಾಮಾಂಜಿಗೆ ಫೋನ್ ಮಾಡಿದೆ. ಮಾತು ಆ ಫೈನಲ್ಲಿಗೆ ಬಂದಾಗ, ಅವತ್ತು ಮೇಷ್ಟ್ರು ಎಡವಿಬಿಟ್ಟರು ಎಂದೆ.

“ಮೇಷ್ಟ್ರು ಎಡವಿದ್ದಲ್ಲ ಕಣೋ,” ಎಂದ. “ಯೂನಿವರ್ಸಿಟಿ ಟೀಮಿಗೆ ಆರಿಸೋರು ಅವತ್ತು ಆಟ ನೋಡ್ತಾ ಕೂತಿದ್ರು. ಮೇಷ್ಟ್ರಿಗೆ ಗೊತ್ತಿತ್ತು. ಝೋನ್ ಬಿಟ್ಟಿದ್ರೆ ನಾನು ಐದನೇ ಫೌಲ್ ಮಾಡಿ ಆಚೆ ಬರ್ತಿದ್ದೆ. ಕೊನೇಲಿ ಆಡಿದ್ನಲ್ಲ, ಅದನ್ನ ನೋಡೇ ನನ್ನ ಕರೆದಿದ್ದು. ಕ್ಯಾಂಪಿಗೆ ಹೋದಾಗ ಆ ಆರಿಸಿದೋರೇ ಇದನ್ನೆಲ್ಲ ಅಂದ್ರು.”

“ಮತ್ತೆ ಮೇಷ್ಟ್ರನ್ನ ಹೋಗಿ ಕಾಣ್ಲಿಲ್ವೇನೋ?”

“ಅವರ ಕೆಲಸಾನೇ ಹೋಗಿತ್ತು. ಯಾವ ಮುಖ ಇಟ್ಕೊಂಡು ಹೋಗ್ಲಿ ಹೇಳು…”

ನಿಜವಾಗಿ ರಾಮಾಂಜಿಗಾಗಿಯೇ ಸೋಲು ಒಪ್ಪಿಕೊಂಡರೋ, ಅಥವಾ ಅವರೇ ಹೇಳಿದಂತೆ ತಪ್ಪಿದರೋ? ಕೇಳೋಣವೆಂದರೆ ಈಗ ಅವರಿಲ್ಲ.

ಈ ಭಾನುವಾರ ನಾವಿಬ್ಬರೂ ದಾಬಸ್‌ಪೇಟೆಗೆ ಹೋಗಿ ಮೇಷ್ಟ್ರ ಹೆಂಡತಿಯನ್ನು ಕಂಡೆವು. ತುಂಬಾ ವಯಸ್ಸಾಗಿದೆ. ರಾಮಾಂಜಿ ಎಲ್ಲವನ್ನೂ ಅವರಿಗೆ ಹೇಳಿದ. “ನನ್ನ ಮನೆಯ ಅನ್ನ ಅವರು ಹಾಕಿದ್ದು ತಾಯಿ,” ಎಂದ.

ಆಕೆ ಪೂರ್ತಿ ಕೇಳಿಸಿಕೊಂಡರು. ಆಕ್ಷೇಪಣೆಯ ದನಿಯಲ್ಲಂತೂ ಅಲ್ಲ, ಸಹಜವಾಗಿಯೇ ಅಂದರು: “ಇದನ್ನ ಅವರ ಎದುರಿಗೆ ಹೇಳಿದ್ರೆ ಎಷ್ಟು ಸಂತೋಷ ಪಡ್ತಿದ್ರೋ ಏನೋ.”

ನಾವು ತಲೆ ತಗ್ಗಿಸಿ ಕಾಫಿ ಕುಡಿದೆವು.