ದಿನಾ ತೂಗಿದ ಪುಡಿ

ನಾನು ಈ ಜನ್ಮದಲ್ಲಿ ಮೂರು ಸಲ ಮನುಷ್ಯರ ಮೇಲೆ ಕೈ ಮಾಡಿದ್ದೇನೆ. ಮೊದಲನೆಯದು ತೀರ್ಥಹಳ್ಳಿಯಲ್ಲಿ ಓದುವಾಗ, ನನ್ನ ಟ್ರಂಕಿನ ಬೀಗ ಒಡೆದವನಿಗೆ. ಎರಡನೆಯದು ಹೊಸನಗರದ ಬಸ್ಸಿನಲ್ಲಿ, ನನ್ನ ತಂಗಿಯ ಜಡೆ ಎಳೆದವನಿಗೆ. ಆ ಎರಡಕ್ಕೂ ಇವತ್ತಿನವರೆಗೆ ನನಗೆ ಪಶ್ಚಾತ್ತಾಪವಿಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನೆತನ ನಮ್ಮದು. ಮೂರನೆಯ ಏಟು ಬಿದ್ದದ್ದು ಸಾಗರದಲ್ಲಿ, ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರಾದ ಗಂಧದ ಕೆತ್ತನೆಯ ಮೇಸ್ತ್ರಿಯೊಬ್ಬರಿಗೆ. ಅದನ್ನು ಬರೆಯಲೆಂದೇ ಈಗ ಕೂತಿದ್ದೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಸಾಗರದ ಒಂದು ಕೆತ್ತನೆ ಸಂಘದ ಸ್ಟೋರಿಗೆ ರೈಟರಾಗಿ ಸೇರಿದೆ. ಇಕ್ಕೇರಿ ಕಡೆಯ ರಸ್ತೆಯಲ್ಲಿ ಒಂದು ಉದ್ದನೆಯ ಶೆಡ್ಡು. ಹನ್ನೆರಡು ಜನ ಸಾಲಾಗಿ ಕೂತು ಗಂಧದಲ್ಲಿ ಗಣಪತಿ, ಕೃಷ್ಣ, ಹಾರ ಹಾಕಿಕೊಂಡ ಆನೆಗಳನ್ನು ಕೆತ್ತುತ್ತಿದ್ದರು. ಹಿತ್ತಲಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದಾಗಿದ್ದ ಕಾಲ ಅದು. ಒಂದು ಹಿಡಿ ಚಕ್ಕೆ ಜೇಬಿನಲ್ಲಿ ಸಿಕ್ಕರೂ ಜೈಲೇ. ಆದ್ದರಿಂದ ಒಬ್ಬೊಬ್ಬರಿಗೂ ತುಂಡನ್ನು ತೂಗಿ ಕೊಡಬೇಕಿತ್ತು. ಆಮೇಲೆ ಕೆತ್ತಿದ ವಿಗ್ರಹ, ಉಳಿದ ಚಕ್ಕೆ, ಉದುರಿದ ಪುಡಿ ಮೂರನ್ನೂ ತೂಗಿ ವಾಪಸು ಪಡೆಯಬೇಕಿತ್ತು. ಕೊಟ್ಟದ್ದೂ ಬಂದದ್ದೂ ತಾಳೆಯಾಗುವಂತೆ ನೋಡಿಕೊಳ್ಳುವುದೇ ನನ್ನ ಕೆಲಸ.

ಚಕ್ಕೆ, ಪುಡಿಯನ್ನು ದಿನಾ ಸಂಜೆ ತಂದು ತೂಗಿಸಬೇಕೆಂದು ನಿಯಮ ಮಾಡಿದವನೂ ನಾನೇ. ಹೊಸದಾಗಿ ಬಂದವನ ಉತ್ಸಾಹ. ಒಂಬತ್ತು ಜನ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಗೋಣಿಯಲ್ಲಿ ತುಂಬಿಟ್ಟು ತಿಂಗಳಿಗೊಮ್ಮೆ ತಂದು ಸುರಿಯುತ್ತಿದ್ದರು. ನಿಯಮ ಪಾಲಿಸಿದವರು ಮೇಸ್ತ್ರಿ ಮತ್ತು ಅವರ ಕೈಕೆಳಗೆ ಕೆಲಸ ಕಲಿತ ಇಬ್ಬರು ಮಾತ್ರ. ಸಂಜೆ ಐದಾದರೆ ಮೇಸ್ತ್ರಿ ಎದ್ದು, ಪಂಚೆ ಕೊಡವಿ, ಮೊಣಕೈವರೆಗೆ ಬ್ರಷ್ಷಿನಿಂದ ಗುಡಿಸಿಕೊಂಡು, ಎಲ್ಲವನ್ನೂ ಕಾಗದದಲ್ಲಿ ಕಟ್ಟಿ ತರುತ್ತಿದ್ದರು.

"ತೂಗಿ ರೈಟ್ರೇ. ಕೈ ಕೂದ್ಲಲ್ಲಿ ಇರೋದೂ ಉದುರ್ಸಿದೀನಿ."

"ಮೀಸೇಲಿ ಇರೋದು?"

"ಅದು ನಂದು. ಅಷ್ಟಾದ್ರೂ ಬಿಡ್ರಿ."

ನೂರೆಂಬತ್ತು ಗ್ರಾಂ, ಇನ್ನೂರು ಗ್ರಾಂ, ಇನ್ನೂರಿಪ್ಪತ್ತು ಗ್ರಾಂ. ನಾನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ, ಅವರು ಎದುರಿಗೆ ಸಹಿ ಹಾಕುತ್ತಿದ್ದರು. ಏಳು ವರ್ಷ ಹೀಗೇ ನಡೆಯಿತು. ಅವರ ಲೆಕ್ಕದಲ್ಲಿ ಒಂದು ದಿನವೂ ತಕರಾರು ಬಂದದ್ದಿಲ್ಲ.

ಆಮೇಲೆ ಸಂಘಕ್ಕೆ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಕಂಪ್ಯೂಟರು ನಮ್ಮಲ್ಲಿರಲಿಲ್ಲ, ಬೆಂಗಳೂರಿನ ಯಾವುದೋ ಖಾಸಗಿ ಕಚೇರಿಯಲ್ಲಿತ್ತು. ನಾನು ರಿಜಿಸ್ಟರಿನ ಅಂಕಿಗಳನ್ನು ಫಾರಂಗಳಿಗೆ ಇಳಿಸಿ ಬಸ್ಸಿನ ಪಾರ್ಸೆಲ್ಲಿಗೆ ಹಾಕಬೇಕು, ಆರು ತಿಂಗಳಿಗೊಮ್ಮೆ ಅಲ್ಲಿಂದ ಲೆಕ್ಕ ಅಚ್ಚಾಗಿ ಬರುತ್ತದೆ. ಇನ್ನು ಕೂಡುವ ಕೆಲಸ ತಪ್ಪಿತೆಂದು ನಾನು ಖುಷಿಪಟ್ಟೆ.

ಮೊದಲ ಲೆಕ್ಕ ಬಂದ ದಿನ ಸಂಘದ ಅಧ್ಯಕ್ಷರು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಎರಡೂ ಅಂಚಿಗೆ ತೂತುಗಳಿದ್ದ ಅಗಲವಾದ ಹಾಳೆ. ಅದರಲ್ಲಿ ಇದ್ದದ್ದು ಹನ್ನೆರಡು ಹೆಸರು, ಪಕ್ಕದಲ್ಲಿ ಕಡಿಮೆ ಬಿದ್ದ ತೂಕ, ಅಷ್ಟೆ. ಒಂಬತ್ತು ಜನರ ಮುಂದೆ ಎರಡು ಕೆಜಿ, ಮೂರು ಕೆಜಿ. ಒಣಗುವಾಗ ಅಷ್ಟು ಹೋಗಬಹುದೆಂದು ಅಧ್ಯಕ್ಷರು ತಲೆಯಾಡಿಸಿದರು. ಮೇಸ್ತ್ರಿಯ ಶಿಷ್ಯರ ಮುಂದೆ ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಮೇಸ್ತ್ರಿಯ ಮುಂದೆ ಮೂವತ್ತೊಂದು ಕೆಜಿ.

"ಎಂತ ಮಾರಾಯ ಇದು? ನೀನು ದಿನಾ ತೂಗ್ತಿ ಅಂತಿದ್ದೆ?" ಎಂದರು ಅಧ್ಯಕ್ಷರು, ಎಲ್ಲರೆದುರು, ನನ್ನನ್ನೇ ನೋಡಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಾಗೆ ಮುಟ್ಟಿ ನೋಡಿಕೊಂಡವನು ನಾನು. ಕಳವು ನಡೆದಿದ್ದರೆ ನನ್ನ ತಕ್ಕಡಿಯ ಕೆಳಗೇ ನಡೆದಿದೆ, ನಾನೂ ಪಾಲುದಾರ ಎಂದು ಊರು ಹೇಳುತ್ತದೆ. ದಿನಾ ಪುಡಿಯ ಪೊಟ್ಟಣ ತೋರಿಸಿ, ಮೀಸೆಯ ತಮಾಷೆ ಮಾಡಿ, ಈ ಮುದುಕ ಹಿಂದಿನಿಂದ ಕೊರಡನ್ನೇ ಸಾಗಿಸಿದ್ದಾನೆ ಅಂತ ನನ್ನ ತಲೆಗೆ ಹೊಕ್ಕಿತು. ಮೇಸ್ತ್ರಿ ಎದ್ದು ಬಂದು, "ರೈಟ್ರೇ, ನೀವೇ ತೂಗಿದ್ದಲ್ವಾ, ಹೇಳ್ರಿ ಇವ್ರಿಗೆ," ಎಂದರು. ನಾನು ಹೇಳಲಿಲ್ಲ. ಅವರ ದವಡೆಗೆ ಮುಷ್ಟಿ ಕಟ್ಟಿ ಹೊಡೆದೆ. ಅವರು ಉಳಿ ಮಸೆಯುವ ಕಲ್ಲಿನ ಮೇಲೆ ಬಿದ್ದರು. ಎರಡು ಹಲ್ಲು ಅಲ್ಲೇ ಉದುರಿದವು, ಅವರ ಬಾಯಿಯ ರಕ್ತ ಅರ್ಧ ಕೆತ್ತಿದ ಕೃಷ್ಣನ ಮೇಲೂ ಹಾರಿತ್ತು. ಅಧ್ಯಕ್ಷರು ಪೊಲೀಸರಿಗೆ ಹೇಳಿಕಳಿಸಿದರು.

ಪೊಲೀಸರು ಮೇಸ್ತ್ರಿಯನ್ನೂ ಶಿಷ್ಯರಿಬ್ಬರನ್ನೂ ಎಳೆದುಕೊಂಡು ಹೋದರು. ಮೇಸ್ತ್ರಿಯ ಮನೆಯ ನೆಲ ಅಗೆದರು, ಒಲೆ ಒಡೆದರು, ಅಕ್ಕಿ ಡಬ್ಬವನ್ನು ಅಂಗಳಕ್ಕೆ ಸುರಿದರು. ಅಡ್ಡ ಬಂದ ಅವರ ಹೆಂಡತಿಯನ್ನು ಕೂದಲು ಹಿಡಿದು ಜಗಲಿಯಿಂದ ಕೆಳಕ್ಕೆ ನೂಕಿದರು. ಇಷ್ಟೆಲ್ಲ ಮಾಡಿದರೂ ಒಂದು ಚಕ್ಕೆ ಸಿಗಲಿಲ್ಲ. ಸಿಗದಿದ್ದದ್ದೇ ಸಿಟ್ಟಿಗೆ ಕಾರಣವಾಯಿತು.

ಮರುದಿನ ಮಧ್ಯಾಹ್ನ ಹೇಳಿಕೆ ಬರೆಸಲು ನನ್ನನ್ನೂ ಠಾಣೆಗೆ ಕರೆಸಿದರು. ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮೇಸ್ತ್ರಿಯ ಬಲಗೈಯನ್ನು ಬೆಂಚಿನ ಮೇಲೆ ಚಾಚಿಸಿ ಒಬ್ಬ ಮಣಿಕಟ್ಟಿನ ಮೇಲೆ ಮೊಣಕಾಲೂರಿದ್ದ. ಇನ್ನೊಬ್ಬ ಲಾಠಿಯಿಂದ ಬೆರಳುಗಳ ಗೆಣ್ಣಿಗೆ ಹೊಡೆಯುತ್ತಿದ್ದ. ಪ್ರತಿ ಏಟಿಗೂ ಒಂದೇ ಪ್ರಶ್ನೆ: "ಯಾರಿಗ್ ಮಾರ್ದೆ?" ನಾನು ಕಿವಿ ಮುಚ್ಚಿಕೊಳ್ಳಲಿಲ್ಲ. ಅನುಭವಿಸಲಿ ಅಂತಲೇ ಅಂದುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ಹಾಗೆಯೇ. ಎಷ್ಟನೆಯದೋ ಏಟಿಗೆ ಅವರು, "ತಾಳಗುಪ್ಪದ ರೈಲಲ್ಲಿ ಒಬ್ಬನಿಗೆ ಕೊಟ್ಟೆ, ಬಿಡ್ರಪ್ಪಾ," ಎಂದು ಕೂಗಿದರು. ಅಂಥ ಒಬ್ಬ ಇರಲೇ ಇಲ್ಲ. ಆ ಒಂದು ಮಾತಿನ ಮೇಲೆ ಕೇಸು ನಿಂತಿತು, ವಿಚಾರಣೆ ಮುಗಿಯುವವರೆಗೆ ಮೂವರೂ ಜೈಲು ಸೇರಿದರು.

ಇತ್ತ ನಾನು ಉಳಿದ ಒಂಬತ್ತು ಜನರ ಮೇಲೆ ಹದ್ದಿನ ಕಣ್ಣಿಟ್ಟೆ. ಇನ್ನು ಮೇಲೆ ತಿಂಗಳ ಗೋಣಿ ಇಲ್ಲ, ಚಕ್ಕೆ ಪುಡಿ ದಿನಾ ಸಂಜೆ ತಂದು ತೂಗಿಸಲೇಬೇಕು ಎಂದು ಕಟ್ಟಪ್ಪಣೆ ಮಾಡಿದೆ. ಹೆದರಿದ ಜನ, ಒಬ್ಬರೂ ತಪ್ಪಿಸಲಿಲ್ಲ. ಆರು ತಿಂಗಳ ಮೇಲೆ ಎರಡನೆಯ ಲೆಕ್ಕ ಬಂತು. ಒಂಬತ್ತು ಜನರ ಮುಂದೆಯೂ ಇಪ್ಪತ್ತೈದು, ಇಪ್ಪತ್ತೇಳು, ಮೂವತ್ತು ಕೆಜಿ!

ಎಲ್ಲರೂ ಒಟ್ಟಿಗೆ ಕಳ್ಳರಾಗಲು ಸಾಧ್ಯವಿಲ್ಲ, ಅದೂ ನಾನು ಪಕ್ಕದಲ್ಲಿ ನಿಂತಿರುವಾಗ. ಆ ಭಾನುವಾರ ಹಳೆಯ ರಿಜಿಸ್ಟರು ತೆಗೆದು ಮೇಸ್ತ್ರಿಯ ಪುಟಗಳನ್ನು ಕೈಯಲ್ಲೇ ಕೂಡಿದೆ. ಎರಡು ಸಲ ಕೂಡಿದೆ. ಕೊಟ್ಟದ್ದಕ್ಕೂ ಬಂದದ್ದಕ್ಕೂ ಸರಿಯಾಗಿ ತಾಳೆಯಾಯಿತು.

ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು ಬೆಂಗಳೂರಿಗೆ ಹೋದೆ. ಆ ಕಚೇರಿಯ ಕನ್ನಡಕದ ಯುವಕ ಏನೇನೋ ಕಾಗದ ತಿರುವಿ, "ಓ, ಇದಾ ಸಾರ್? ನಮ್ ಪ್ರೋಗ್ರಾಂ ಬರೀ ಕೆಜಿ ತಗೊಳುತ್ತೆ. ಗ್ರಾಂ ಬಿಟ್ಟುಬಿಡುತ್ತೆ," ಎಂದ. ಅಷ್ಟೇ ಸಂಗತಿ. ಕೊಟ್ಟ ಹತ್ತು ಕೆಜಿಯ ತುಂಡು ಹತ್ತಾಗಿಯೇ ಉಳಿದಿತ್ತು. ದಿನಾ ಬಂದ ಇನ್ನೂರು ಗ್ರಾಂ ದಿನಾ ಸೊನ್ನೆಯಾಗಿತ್ತು. ತಿಂಗಳಿಗೊಮ್ಮೆ ಐದಾರು ಕೆಜಿ ತಂದು ಸುರಿದ ಸೋಮಾರಿಗಳು ಬಚಾವಾದರು. ನನ್ನ ಮಾತು ಕೇಳಿ, ಕೈಗೂದಲಿನ ಪುಡಿಯನ್ನೂ ಬಿಡದೆ ತಂದೊಪ್ಪಿಸಿದವರು ಕಳ್ಳರಾದರು.

ನಾನು ಅವನ ಕಾಲರು ಹಿಡಿದು ಕೈ ಎತ್ತಿದೆ. ಅದು ನಾಲ್ಕನೆಯ ಸಲ ಆಗಬೇಕಿತ್ತು.

"ನೀವ್ ಒಂದ್ಸಲ ಕೈಲಿ ಕೂಡಿ ನೋಡ್ಲಿಲ್ವಾ ಸಾರ್?" ಎಂದ ಅವನು.

ಎತ್ತಿದ ಕೈ ತಾನಾಗಿ ಇಳಿಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟಿದ ದಡ್ಡ ನಾನೇ. ಅಧ್ಯಕ್ಷರು ಬಾಯಿ ಮುಚ್ಚಿಕೊಂಡಿರಲು ಹೇಳಿದರು. ಸಂಘದ ಮರ್ಯಾದೆ, ನನ್ನ ಕೆಲಸ ಎರಡನ್ನೂ ನೆನಪಿಸಿದರು. ಅವರ ಮಾತು ಕೇಳದೆ ಕೋರ್ಟಿನಲ್ಲಿ ರಿಜಿಸ್ಟರು ಬಿಚ್ಚಿಟ್ಟು ಎಲ್ಲವನ್ನೂ ಹೇಳಿದೆ. ನನ್ನ ಕೆಲಸ ಹೋಯಿತು. ಕೋರ್ಟು ಮೂವರನ್ನೂ ನಿರ್ದೋಷಿಗಳೆಂದು ಬಿಟ್ಟಿತು. ಆ ಹೊತ್ತಿಗೆ ಮೇಸ್ತ್ರಿಯ ಮೇಲೆ ಕಳ್ಳನೆಂಬ ಹೆಸರು ಬಿದ್ದು ಎರಡು ವರ್ಷವಾಗಿತ್ತು.

ಬಿಡುಗಡೆಯಾದ ಮರುವಾರ ಬೆಳಗ್ಗೆ ಅವರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತಿದ್ದರು. ಹೆಂಡತಿ ಅಂಗಳ ಗುಡಿಸುತ್ತಿದ್ದರು. ನಾನು ಮೆಟ್ಟಿಲ ಕೆಳಗೆ ನಿಂತು, "ಮೇಸ್ತ್ರೀ, ನಾನ್ ನಿಮ್ಗೆ ಹೊಡೆದೆ. ನೀವೂ ನಂಗೆ ಹೊಡೀರಿ. ಎಲ್ರೂ ನೋಡ್ಲಿ," ಎಂದೆ. ಅಕ್ಕಪಕ್ಕದ ಮನೆಯವರು ಆಗಲೇ ಬಾಗಿಲಿಗೆ ಬಂದಿದ್ದರು.

ಅವರು ಬಲಗೈ ಮುಂದೆ ಚಾಚಿದರು. ಮೂರು ಬೆರಳು ಸೊಟ್ಟಗೆ ಕೂಡಿಕೊಂಡಿದ್ದವು.

"ಮುಷ್ಟಿ ಕಟ್ಟಕ್ ಬರಲ್ಲ ರೈಟ್ರೇ. ಉಳಿನೂ ಹಿಡಿಯಕ್ ಬರಲ್ಲ."

ಹೊಡೆದದ್ದು ಅವರ ಹೆಂಡತಿ. ಕಸಬರಿಗೆಯನ್ನು ತಿರುಗಿಸಿ ಹಿಡಿದು, ಅದರ ಗಟ್ಟಿ ಬುಡದಿಂದ ನನ್ನ ಮುಖಕ್ಕೆ ಬೀಸಿದರು. ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು. ನಾನು ಅಲ್ಲಾಡದೆ ನಿಂತೆ. ಇನ್ನೂ ಬೀಳಲಿ ಎಂದು ಮನಸ್ಸು ಬೇಡುತ್ತಿತ್ತು. ಅವರು ಅಳುತ್ತಾ ಮತ್ತೆ ಕಸಬರಿಗೆ ಎತ್ತಿದರು.

"ಸಾಕು," ಎಂದರು ಮೇಸ್ತ್ರಿ. "ಅವ್ರು ಹೊಡೆದಿದ್ದು ಒಂದೇ ಏಟು. ಜಾಸ್ತಿ ಕೊಡ್ಬೇಡ."

ಆಕೆ ಕಸಬರಿಗೆ ಇಳಿಸಿದರು.